ಕೀರ್ತಿಶೇಷ ಜೋಕಿಂ ಆಳ್ವ: ದೇಶಯೋಧ, ಪತ್ರಿಕೋದ್ಯಮಿ, ಗೃಹಸ್ಥ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅಲ್ಲಿ ದುಡಿದ ಗುರುಗಳನ್ನೂ, ಜಪತಪಗಳನ್ನು ಕಲಿಸಿದ ಉಪದೇಶಿಗಳನ್ನೂ, ರೋಗಿಗಳನ್ನೂ ಮಕ್ಕಳನ್ನೂ ಸಲಹಿದ ಕನ್ಯಾಸ್ತ್ರೀಯರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ವಾಡಿಕೆ. ಅದು ಯೋಗ್ಯವೂ ನ್ಯಾಯವೂ ಆದುದೇ ಸರಿ. ಆದರೆ ಧರ್ಮಸಭೆಯೆಂದರೆ ಬಲಿಪೀಠದ ಬಳಿ ನಿಲ್ಲುವವರು ಮಾತ್ರವಲ್ಲ. ಭಾನುವಾರದ ಬಲಿಪೂಜೆ ಮುಗಿಸಿ ಹೊಲಕ್ಕೆ, ಅಂಗಡಿಗೆ, ಕಚೇರಿಗೆ, ಪಂಚಾಯಿತಿ ಕಟ್ಟೆಗೆ ಹಿಂದಿರುಗುವ ಗೃಹಸ್ಥರೇ ಅದರಲ್ಲಿ ಬಹುಪಾಲು. ದೇವಾಲಯದ ಹೊಸ್ತಿಲನ್ನು ದಾಟಿದ ಮೇಲೆ ಕ್ರೈಸ್ತನಾದವನ ಧರ್ಮವೇನು? ಎಣಿಕೆಯಲ್ಲಿ ಅಲ್ಪರಾದ ನಾವು ನಾಡಿನ ಬಾಳಿನಲ್ಲಿ ಒಂದು ಮೂಲೆ ಹಿಡಿದು ಕುಳಿತರೆ ಸಾಕೆ? ಇಂದೂರಿನಂತಹ ಊರಿನಲ್ಲಿ ಬಾಳುವ ನಮಗೆ ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ಮಾತಿನಿಂದಲ್ಲ, ಬದುಕಿನಿಂದ ಉತ್ತರ ಕೊಟ್ಟ ಗೃಹಸ್ಥರೊಬ್ಬರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನರ ಪ್ರತಿನಿಧಿಯಾಗಿ ದಿಲ್ಲಿಯ ಲೋಕಸಭೆಯಲ್ಲಿ ಹದಿನೈದು ವರ್ಷ ಕುಳಿತಿದ್ದರು. ಅವರೇ ಕೀರ್ತಿಶೇಷ ಜೋಕಿಂ ಆಳ್ವರು. ಇಂದಿನ ತರುಣರಲ್ಲಿ ಹಲವರಿಗೆ ಅವರ ಹೆಸರು ಅಪರಿಚಿತ. ಆದುದರಿಂದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ಸಂಗ್ರಹವಾಗಿ ನಿವೇದಿಸುತ್ತಿದ್ದೇನೆ.

ಜೋಕಿಂ ಇಗ್ನೇಷಿಯಸ್ ಸೆಬಾಸ್ಟಿಯನ್ ಆಳ್ವರು ಜನಿಸಿದುದು 1907ರ ಜನವರಿ 21ರಂದು, ಉಡುಪಿಯ ಸಮೀಪದ ಬೆಳ್ಳೆ ಎಂಬ ಗ್ರಾಮದಲ್ಲಿ. ತೆಂಗು, ಭತ್ತ, ಮಲ್ಲಿಗೆಗಳ ಆ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದಿವೆ. ಟಿಪ್ಪುವಿನ ಕಾಲದ ಸೆರೆಯನ್ನೂ ಅದರ ಬಳಿಕದ ಮರುನೆಲೆಯನ್ನೂ ಅಜ್ಜಂದಿರ ಬಾಯಿಂದ ಕೇಳಿ ಬೆಳೆದ ಸಮಾಜವದು. ಬಾಲಕ ಜೋಕಿಂ ವಿದ್ಯಾಭ್ಯಾಸಕ್ಕೆ ಸೇರಿದುದು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು. ಯೇಸುಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದ ಆ ವಿದ್ಯಾಸಂಸ್ಥೆ ಕರಾವಳಿಯ ಎರಡು ಮೂರು ತಲೆಮಾರುಗಳಿಗೆ ವಿದ್ಯೆಯನ್ನೂ ಶಿಸ್ತನ್ನೂ ನೀಡಿದ್ದಿತು. ಅಲ್ಲಿಂದ ಮುಂದೆ ಅವರು ಮುಂಬಯಿಗೆ ತೆರಳಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೂ ಸರ್ಕಾರಿ ನ್ಯಾಯಶಾಸ್ತ್ರ ಕಾಲೇಜಿನಲ್ಲಿಯೂ ಓದಿ ವಕೀಲರಾದರು.

ಮುಂಬಯಿ ಆಗ ಕನ್ನಡ ಕರಾವಳಿಯ ಜನರಿಗೆ ದೂರದ ಊರಾಗಿದ್ದರೂ ಪರಸ್ಥಳವಾಗಿರಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದರೆ, ನಮ್ಮ ಉತ್ತರ ಕನ್ನಡ 1862ರಿಂದಲೂ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತ್ತು. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಹಡಗು ಹತ್ತಿ ಅಲ್ಲಿಗೆ ಹೋದವರು ಎಷ್ಟೋ ಮಂದಿ. ಹಾಗೆ ಹೋದವರಲ್ಲಿ ಹೆಚ್ಚಿನವರು ಒಳ್ಳೆಯ ಸಂಬಳ ಹುಡುಕಿದರು. ಅದರಲ್ಲಿ ತಪ್ಪೇನೂ ಇಲ್ಲ. ಆಳ್ವರೂ ಆ ದಾರಿ ಹಿಡಿಯಬಹುದಾಗಿತ್ತು. ಆದರೆ ಅವರ ಯೌವನ ಕಾಲ ದೇಶಕ್ಕೆ ಪರೀಕ್ಷೆಯ ಕಾಲವಾಗಿದ್ದಿತು.

1930ರ ಏಪ್ರಿಲಿನಲ್ಲಿ ಮಹಾತ್ಮ ಗಾಂಧಿಯವರು ದಾಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಅದೇ ತಿಂಗಳ 13ರಂದು ನಮ್ಮ ಜಿಲ್ಲೆಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರಗಳ ರೈತರು ಕರ ಕೊಡಲೊಪ್ಪದೆ ಹೊಲಮನೆಗಳನ್ನು ಕಳೆದುಕೊಂಡರು. ಮುಂಬಯಿಯ ಬೀದಿಗಳಲ್ಲಿ ಸತ್ಯಾಗ್ರಹಿಗಳ ಮೇಲೆ ಲಾಠಿ ಬೀಳುತ್ತಿದ್ದಿತು. ಇಪ್ಪತ್ತಮೂರರ ತರುಣ ಆಳ್ವರು ಆಗ ಕೆಲವು ಸಂಗಡಿಗರೊಡನೆ ರಾಷ್ಟ್ರೀಯ ಕ್ರೈಸ್ತರ ಪಕ್ಷವೊಂದನ್ನು ಕಟ್ಟಿ, ಕ್ರೈಸ್ತರನ್ನು ಸ್ವಾತಂತ್ರ್ಯದ ಹೋರಾಟಕ್ಕೆ ಕರೆತರುವ ಕಾರ್ಯದಲ್ಲಿ ತೊಡಗಿದರು.

ಇದು ಎಷ್ಟು ಕಷ್ಟದ ಕಾರ್ಯವಾಗಿದ್ದಿತೆಂಬುದನ್ನು ಇಂದು ಊಹಿಸುವುದು ಸುಲಭವಲ್ಲ. ಅಂದಿನ ನಮ್ಮ ಗುರುಗಳಲ್ಲಿ ಅನೇಕರು ಯುರೋಪಿನಿಂದ ಬಂದವರು. ಸರ್ಕಾರದ ಅನುಮತಿಯಿಂದ ಇಲ್ಲಿ ನೆಲೆಸಿದವರು. ನಮ್ಮ ಶಾಲೆಗಳು ಸರ್ಕಾರದ ಅನುದಾನವನ್ನು ನೆಚ್ಚಿದ್ದವು. ಆಂಗ್ಲರು ಹೊರಟುಹೋದರೆ ಅಲ್ಪಸಂಖ್ಯಾತರಾದ ನಮ್ಮ ಗತಿಯೇನೆಂಬ ಭಯ ಹಿರಿಯರಲ್ಲಿದ್ದಿತು. ಅತ್ತ ಹೊರಗಿನವರಲ್ಲಿಯೂ ಒಂದು ಸಂಶಯವಿದ್ದಿತು. ಶಿಲುಬೆಗೆ ತಲೆಬಾಗುವವನು ಆಳುವ ದೊರೆಗೂ ತಲೆಬಾಗಿಯಾನೆಂದು ಕೆಲವರು ತಿಳಿದಿದ್ದರು. ಹೀಗೆ ಸ್ವಜನರ ಅಂಜಿಕೆ ಒಂದು ಕಡೆ, ಪರಜನರ ಶಂಕೆ ಮತ್ತೊಂದು ಕಡೆ. ಇವೆರಡರ ನಡುವೆ ನಿಂತು, ತಾನು ಪೂರ್ಣ ಕಥೋಲಿಕನೂ ಹೌದು, ಪೂರ್ಣ ಭಾರತೀಯನೂ ಹೌದು, ಒಂದಕ್ಕಾಗಿ ಮತ್ತೊಂದನ್ನು ಬಿಡಬೇಕಾಗಿಲ್ಲ ಎಂಬ ನಿಲುವನ್ನು ಆಳ್ವರು ತಾಳಿದರು. ಆ ನಿಲುವಿಗಾಗಿ ಸೆರೆಮನೆಯ ವಾಸವನ್ನೂ ಅನುಭವಿಸಿದರು. ಖಡ್ಗ ಹಿಡಿಯದ ಸೈನ್ಯವೊಂದರ ಯೋಧರವರು.

1937ರಲ್ಲಿ ಆಳ್ವರ ವಿವಾಹವಾಯಿತು. ಧರ್ಮಪತ್ನಿ ವಯೊಲೆಟ್ ಹರಿ ಅವರು 1908ರ ಏಪ್ರಿಲ್ 24ರಂದು ಅಹಮದಾಬಾದಿನಲ್ಲಿ ಜನಿಸಿದವರು. ತಂದೆ ಲಕ್ಷ್ಮಣ ಹರಿ ಅವರು ಆಂಗ್ಲಿಕನ್ ಸಭೆಯ ಮೊದಮೊದಲ ಭಾರತೀಯ ಪಾಲಕರಲ್ಲಿ ಒಬ್ಬರು. ಒಂಬತ್ತು ಮಕ್ಕಳಲ್ಲಿ ಎಂಟನೆಯವರಾದ ವಯೊಲೆಟ್ ಹದಿನಾರರ ಪ್ರಾಯಕ್ಕೆ ತಾಯ್ತಂದೆಗಳಿಬ್ಬರನ್ನೂ ಕಳೆದುಕೊಂಡರು. ಒಡಹುಟ್ಟಿದ ಹಿರಿಯರ ಆಶ್ರಯದಲ್ಲಿ ಮುಂಬಯಿಯ ಕ್ಲೇರ್ ರಸ್ತೆಯ ಕಾನ್ವೆಂಟಿನಲ್ಲಿ ಓದಿ, ಸಂತ ಝೇವಿಯರ್ ಕಾಲೇಜಿನಲ್ಲಿ ಪದವಿ ಪಡೆದು, ಕಾನೂನನ್ನೂ ಕಲಿತು, ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕಿಯಾದರು. ತುಳುನಾಡಿನ ಕಥೋಲಿಕ ಮನೆಯ ಮಗ, ಗುಜರಾತಿನಲ್ಲಿ ಹುಟ್ಟಿದ ಪ್ರಾಟೆಸ್ಟಂಟ್ ಪಾಲಕರ ಮಗಳು: ಭಾಷೆ ಬೇರೆ, ಸಭೆ ಬೇರೆ. ಅಂದಿನ ದಿನಗಳಲ್ಲಿ ಇಂತಹ ಸಂಬಂಧ ಅಪರೂಪ. ಆದರೆ ಅವರಿಬ್ಬರ ಮನಸ್ಸು ಒಂದಾಗಿದ್ದಿತು. ಗಂಡಹೆಂಡಿರು ಒಟ್ಟಿಗೆ ವಕೀಲಿ ವೃತ್ತಿಯನ್ನು ಆರಂಭಿಸಿದರು. 1944ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠದೆದುರು ವಾದಿಸಿದ ಭಾರತದ ಮೊದಲ ಮಹಿಳಾ ವಕೀಲರೆಂಬ ಖ್ಯಾತಿ ವಯೊಲೆಟ್ ಅವರದಾಯಿತು. ಪತ್ನಿಯ ಏಳ್ಗೆ ತನ್ನ ಹಿರಿಮೆಗೆ ಕುಂದೆಂದು ಬಗೆಯುವ ಗಂಡಂದಿರು ಇಂದಿಗೂ ಇದ್ದಾರೆ. ಆಳ್ವರ ಮನೆಯಲ್ಲಿ ಅಂತಹ ಲೆಕ್ಕಾಚಾರಕ್ಕೆ ಎಡೆಯಿರಲಿಲ್ಲ.

ಈ ದಾಂಪತ್ಯದ ಮತ್ತೊಂದು ಫಲವೇ ಪತ್ರಿಕೋದ್ಯಮ. 1943ರಲ್ಲಿ ದಂಪತಿಗಳು ಫೋರಂ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆ ನಡೆಸುವುದು ಬರಿಯ ಬರವಣಿಗೆಯ ಕೆಲಸವಲ್ಲ, ಅದೊಂದು ವ್ಯಾಪಾರ. ಕಾಗದ ಕೊಳ್ಳಬೇಕು, ಮುದ್ರಣಾಲಯಕ್ಕೆ ಹಣ ಕಟ್ಟಬೇಕು, ಜಾಹೀರಾತು ತರಬೇಕು, ಏಜೆಂಟರಿಂದ ಬಾಕಿ ವಸೂಲು ಮಾಡಬೇಕು, ವಾರ ತಪ್ಪದೆ ಓದುಗರ ಕೈಗೆ ಮುಟ್ಟಿಸಬೇಕು. ಆಗಲೋ ಎರಡನೆಯ ಮಹಾಯುದ್ಧದ ಕಾಲ, ಕಾಗದಕ್ಕೆ ಬರ. ಮೇಲಾಗಿ 1931ರ ಮುದ್ರಣ ಶಾಸನದ ಪ್ರಕಾರ ಸರ್ಕಾರವು ಮುದ್ರಣಾಲಯದಿಂದ ಠೇವಣಿ ಕೇಳಬಹುದಿತ್ತು. ಬರೆದುದು ಹಿಡಿಸದಿದ್ದರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ, ದೇಶದ ನಾಯಕರೆಲ್ಲ ಬಂದಿಗಳಾಗಿರುವಾಗ, ರಾಷ್ಟ್ರವಾದಿ ಪತ್ರಿಕೆಗೆ ಹಣ ಹೂಡುವುದೆಂದರೆ ಗಂಟನ್ನು ಗಾಳಿಗೆ ಒಡ್ಡಿದಂತೆ. ಲಾಭವನ್ನೇ ಮುಂದಿಟ್ಟುಕೊಂಡ ವ್ಯಾಪಾರಿ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಆಳ್ವರು ಕೈ ಹಾಕಿದರು; ಫೋರಂ ಸ್ವಾತಂತ್ರ್ಯ ಹೋರಾಟದ ದನಿಯಾಗಿ ಹೆಸರು ಪಡೆಯಿತು. ಅದೇ 1943ರಲ್ಲಿ ದೇಶದ ನಾಯಕರನ್ನು ಕುರಿತು ಅವರು ಬರೆದ 'ಮೆನ್ ಅಂಡ್ ಸೂಪರ್‌ಮೆನ್ ಆಫ್ ಹಿಂದುಸ್ತಾನ್' ಎಂಬ ಗ್ರಂಥವೂ ಪ್ರಕಟವಾಯಿತು. ವಯೊಲೆಟ್ ಅವರು 1944ರಲ್ಲಿ ಬೇಗಂ ಎಂಬ ಮಹಿಳಾ ಪತ್ರಿಕೆಯನ್ನು ತೆಗೆದರು. ಅದು ಮುಂದೆ ಇಂಡಿಯನ್ ವಿಮೆನ್ ಎಂಬ ಹೆಸರು ಪಡೆಯಿತು.

ಇದೇ 1943ನೆಯ ಇಸವಿ ಆ ಕುಟುಂಬಕ್ಕೆ ಅಗ್ನಿಪರೀಕ್ಷೆಯ ವರ್ಷವೂ ಆಗಿದ್ದಿತು. ಆಂಗ್ಲ ಸರ್ಕಾರವು ವಯೊಲೆಟ್ ಅವರನ್ನು ಬಂಧಿಸಿತು. ಅವರ ತೋಳಲ್ಲಿ ಐದು ತಿಂಗಳ ಹಸುಗೂಸು ನಿರಂಜನ. ಹಾಲು ಕುಡಿಯುವ ಕೂಸಿನೊಡನೆಯೇ ತಾಯಿ ಮುಂಬಯಿಯ ಆರ್ಥರ್ ರಸ್ತೆಯ ಕಾರಾಗೃಹವನ್ನು ಸೇರಿದರು. ಸೆರೆಮನೆಯ ಕಷ್ಟವನ್ನು ತಾನು ಸಹಿಸುವುದು ಒಂದು ಮಾತು. ಮಡದಿ ಮತ್ತು ಎಳೆಯ ಶಿಶುವನ್ನು ಆ ಬಾಗಿಲೊಳಗೆ ಕಳುಹಿಸುವುದು ಬೇರೆಯೇ ಮಾತು. ದೇಶಭಕ್ತಿಯ ಚರಿತ್ರೆಗಳಲ್ಲಿ ನಾವು ಮುಖಂಡರ ತ್ಯಾಗವನ್ನು ಓದುತ್ತೇವೆ; ಆ ತ್ಯಾಗದ ಸಾಲದಲ್ಲಿ ಮನೆಮಂದಿ ತೆತ್ತ ಪಾಲನ್ನು ಬಹಳವಾಗಿ ಓದುವುದಿಲ್ಲ. ಹೆರೋದನ ಭಯದಿಂದ ಕೂಸನ್ನೆತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ನಡೆದ ಪವಿತ್ರ ಕುಟುಂಬವನ್ನು ಬಲ್ಲ ನಮಗೆ ಇದರ ಭಾರ ಅರ್ಥವಾಗಬೇಕು. ಈ ದಂಪತಿಗಳು ಮಕ್ಕಳಿಗಿಟ್ಟ ಹೆಸರುಗಳನ್ನೂ ಇಲ್ಲಿ ಗಮನಿಸಬಹುದು: ನಿರಂಜನ, ಚಿತ್ತರಂಜನ, ಮಾಯಾ. ಕ್ರೈಸ್ತ ಮನೆಯ ಮಕ್ಕಳು ಈ ಮಣ್ಣಿನ ಹೆಸರನ್ನು ಹೊತ್ತು ಬೆಳೆಯಬಹುದೆಂಬುದನ್ನು ಅವರು ತೊಟ್ಟಿಲಲ್ಲೇ ತೋರಿಸಿದರು.

1947ರಲ್ಲಿ ದೇಶ ಸ್ವತಂತ್ರವಾಯಿತು. 1949ರಲ್ಲಿ ಆಳ್ವರು ಮುಂಬಯಿ ನಗರದ ಶೆರಿಫ್ ಆದರು. ಅಧಿಕಾರಕ್ಕಿಂತ ಗೌರವವೇ ಹೆಚ್ಚಿನ ಪದವಿಯದು. ಪೌರರ ಪರವಾಗಿ ನಗರದ ಪ್ರತಿಷ್ಠೆಯನ್ನು ಎತ್ತಿಹಿಡಿಯುವ ಸ್ಥಾನ. ಹಿಂದಿನ ಸರ್ಕಾರದ ಕಣ್ಣಿಗೆ ಅಪರಾಧಿಯಾಗಿದ್ದವರನ್ನು ಅದೇ ನಗರ ಹೀಗೆ ಮನ್ನಿಸಿತು. 1950ರಲ್ಲಿ ಅವರು ಹಂಗಾಮಿ ಸಂಸತ್ತನ್ನು ಪ್ರವೇಶಿಸಿದರು. ಇತ್ತ ವಯೊಲೆಟ್ ಅವರು 1948ರಿಂದ 1954ರವರೆಗೆ ಮುಂಬಯಿಯ ಬಾಲಾಪರಾಧಿಗಳ ನ್ಯಾಯಾಲಯದ ಅಧ್ಯಕ್ಷೆಯಾಗಿ, ದಾರಿತಪ್ಪಿದ ಮಕ್ಕಳ ಪಾಲಿಗೆ ಶಿಕ್ಷೆಗಿಂತ ರಕ್ಷೆಯ ದಾರಿಯನ್ನು ಹುಡುಕುವ ಕೆಲಸದಲ್ಲಿದ್ದರು.

ಈಗ ನಮ್ಮ ಜಿಲ್ಲೆಯ ಕಥೆಗೆ ಬರೋಣ. ಅದಕ್ಕೆ ಮುಂಚೆ ಒಂದು ಹಿನ್ನೆಲೆಯನ್ನು ಹೇಳುವುದು ಅವಶ್ಯ. ಆಂಗ್ಲರ ಕಾಲದಲ್ಲಿ ಧರ್ಮವಾರು ಪ್ರತ್ಯೇಕ ಮತದಾನದ ಪದ್ಧತಿಯಿದ್ದಿತು. ಸಂವಿಧಾನ ರಚನಾ ಸಭೆಯು ಅದನ್ನು ಕೈಬಿಟ್ಟಿತು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡುವ ವಿಚಾರವನ್ನೂ ಬಿಟ್ಟುಕೊಟ್ಟಿತು. ಆ ಸಭೆಯಲ್ಲಿದ್ದ ಕ್ರೈಸ್ತ ಮುಖಂಡರು, ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿ, ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಮೊದಲಾದವರು, ಮೀಸಲು ಸ್ಥಾನಕ್ಕಾಗಿ ಹಟ ಹಿಡಿಯಲಿಲ್ಲ. ನೆರೆಯವರ ಸದ್ಭಾವವನ್ನು ನಂಬಿ, ಧರ್ಮವನ್ನು ಆಚರಿಸುವ ಮತ್ತು ಸಾರುವ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕಾಗಿ ಪಡೆದು ತೃಪ್ತರಾದರು. ಹಲವರಿಗೆ ಇದು ಅವಿವೇಕವೆಂದು ತೋರಿದ್ದುಂಟು. ಕ್ರೈಸ್ತನಿಗೆ ಕ್ರೈಸ್ತೇತರರು ಮತ ಕೊಟ್ಟಾರೆಯೇ ಎಂಬುದು ಅವರ ಸಂದೇಹ.

1952ರ ಮೊದಲ ಮಹಾಚುನಾವಣೆಯಲ್ಲಿ ಕೆನರಾ ಕ್ಷೇತ್ರ ಆ ಸಂದೇಹಕ್ಕೆ ಉತ್ತರ ಕೊಟ್ಟಿತು. ಆಗಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಈ ಕ್ಷೇತ್ರದಿಂದ ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ಜೋಕಿಂ ಆಳ್ವರು ಆಯ್ಕೆಯಾದರು. ಹವ್ಯಕರು, ನಾಮಧಾರಿಗಳು, ಲಿಂಗಾಯತರು, ಹಾಲಕ್ಕಿ ಒಕ್ಕಲಿಗರು, ಮೀನುಗಾರರು, ನವಾಯತ ಮುಸಲ್ಮಾನರು, ಸಿದ್ದಿಗಳು, ಹೀಗೆ ಹತ್ತಾರು ಸಮುದಾಯಗಳ ಜಿಲ್ಲೆ ನಮ್ಮದು. ಕ್ರೈಸ್ತರ ಮತವನ್ನಷ್ಟೇ ನೆಚ್ಚಿದವರು ಇಲ್ಲಿ ಗೆಲ್ಲುವುದು ಸಾಧ್ಯವೇ ಇಲ್ಲ. ಹೀಗಿದ್ದೂ ಜನರು ಅವರನ್ನು 1957ರಲ್ಲಿ ಮತ್ತೆ ಆರಿಸಿದರು, 1962ರಲ್ಲಿ ಮೂರನೆಯ ಬಾರಿಯೂ ಆರಿಸಿದರು. ಒಮ್ಮೆ ಗೆದ್ದುದು ಗಾಳಿಯ ಗೆಲುವೆನ್ನಬಹುದು. ಮೂರು ಬಾರಿ ಗೆದ್ದುದು ವಿಶ್ವಾಸದ ಗೆಲುವು.

ಆ ಹದಿನೈದು ವರ್ಷಗಳು ಸಾಮಾನ್ಯ ಕಾಲವಾಗಿರಲಿಲ್ಲ. 1956ರ ನವೆಂಬರ್ 1ರಂದು ಉತ್ತರ ಕನ್ನಡ, ದಕ್ಷಿಣ ಕನ್ನಡಗಳೆರಡೂ ಮೈಸೂರು ರಾಜ್ಯಕ್ಕೆ ಸೇರಿದವು. ಆಳ್ವರು ಹುಟ್ಟಿದ ಜಿಲ್ಲೆ, ಅವರನ್ನು ಆರಿಸಿದ ಜಿಲ್ಲೆ ಒಂದೇ ರಾಜ್ಯದ ಆಶ್ರಯಕ್ಕೆ ಬಂದವು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದುನಿಂತು ನಮ್ಮ ಕಾಡಿನ ಸೀಮೆಯ ಬದುಕೇ ಬದಲಾಯಿತು. ತಾಯ್ನಾಡನ್ನು ತೊರೆದು ಬಂದ ಟಿಬೆಟಿನ ನಿರಾಶ್ರಿತರಿಗೆ 1966ರಲ್ಲಿ ಮುಂಡಗೋಡದ ಬಳಿ ನೆಲೆ ದೊರೆಯಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಅಡ್ಡಹರಿಯುವ ಈ ಜಿಲ್ಲೆಯ ಕರಾವಳಿಗೆ ರೈಲು ಬಂದುದು 1990ರ ದಶಕದಲ್ಲಿ. ಹಾಗಿರುವಾಗ ಅಂದಿನ ಪ್ರತಿನಿಧಿಗೆ ಘಟ್ಟದ ಮೇಲಿನ ಊರುಗಳನ್ನೂ ಕೆಳಗಿನ ಊರುಗಳನ್ನೂ ಸುತ್ತಿ ಬರುವುದೇ ಒಂದು ಸಾಹಸವೆನ್ನಬೇಕು.

ಕಥೋಲಿಕರ ಪಾಲಿಗೆ ಇನ್ನೊಂದು ಸೂಕ್ಷ್ಮ ವಿಷಯವಿದ್ದಿತು. ಆಳ್ವರು ಮೊದಲ ಬಾರಿಗೆ ಆಯ್ಕೆಯಾದಾಗ ನಮ್ಮ ಜಿಲ್ಲೆಯ ಬಹುಭಾಗದ ದೇವಾಲಯಗಳು ಗೋವೆಯ ಮಹಾಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟಿದ್ದವು; ಗೋವೆಯಾದರೋ ಪೋರ್ಚುಗೀಸರ ವಶದಲ್ಲಿದ್ದಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಸ್ಥಾಪನೆಯಾದ ಮೇಲೆ ಆ ತೊಡಕು ನೀಗಿತು. 1976ರಲ್ಲಿ ಕಾರವಾರವೇ ಪ್ರತ್ಯೇಕ ಧರ್ಮಪ್ರಾಂತವಾಯಿತು. ಆದರೆ ಗೋವೆಯ ಪ್ರಶ್ನೆ 1961ರ ಡಿಸೆಂಬರಿನವರೆಗೆ ಗಡಿಯಲ್ಲಿ ಕೆಂಡದಂತೆ ಉಳಿದಿದ್ದಿತು. ಕಾರವಾರದೆದುರಿನ ಅಂಜದೀವ ದ್ವೀಪದಿಂದ ಗುಂಡು ಹಾರಿದುದನ್ನು ಹಿರಿಯರು ಬಲ್ಲರು. ಗಡಿಯ ಆಚೆ ನಮ್ಮವರ ಬಂಧುಬಳಗ, ಈಚೆ ನಮ್ಮ ದೇಶ. ಇಂತಹ ಸಮಯದಲ್ಲಿ ಕಥೋಲಿಕರ ನಿಷ್ಠೆ ಯಾವ ಕಡೆಗೆಂದು ಯಾರಾದರೂ ಕೇಳಿದ್ದರೆ, ಆ ಗಡಿಜಿಲ್ಲೆಯ ಪ್ರತಿನಿಧಿಯಾಗಿ ಸಂಸತ್ತಿನಲ್ಲಿ ಕುಳಿತಿದ್ದ, ದೇಶಕ್ಕಾಗಿ ಸೆರೆವಾಸ ಕಂಡಿದ್ದ ಕಥೋಲಿಕರೊಬ್ಬರ ಬಾಳೇ ಅದಕ್ಕೆ ಸಾಕಾದ ಉತ್ತರವಾಗಿದ್ದಿತು.

ಆಳ್ವರು ಲೋಕಸಭೆಗೆ ಬಂದ 1952ರಲ್ಲಿಯೇ ವಯೊಲೆಟ್ ಅವರು ರಾಜ್ಯಸಭೆಯ ಸದಸ್ಯೆಯಾದರು. ಗಂಡ ಒಂದು ಸದನದಲ್ಲಿ, ಹೆಂಡತಿ ಮತ್ತೊಂದು ಸದನದಲ್ಲಿ. ದೇಶಕ್ಕೆ ಅದೊಂದು ಹೊಸ ನೋಟ. 1957ರಲ್ಲಿ ವಯೊಲೆಟ್ ಅವರು ಗೃಹಖಾತೆಯ ಉಪಮಂತ್ರಿಯಾದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ ಆಯ್ಕೆಯಾಗಿ, ಆ ಪದವಿಯನ್ನೇರಿದ ಮೊದಲ ಮಹಿಳೆಯೆನಿಸಿದರು. ಪದವಿಯಲ್ಲಿ ಪತ್ನಿ ಮೇಲೇರಿದರು; ಆಳ್ವರು ಮಂತ್ರಿಯಾಗದೆ ಸದಸ್ಯರಾಗಿಯೇ ಉಳಿದರು. 1967ರ ಚುನಾವಣೆಯಲ್ಲಿ ನಮ್ಮ ಕ್ಷೇತ್ರವು ಪಕ್ಷೇತರರಾದ ಚುಟುಕು ಕವಿ ದಿನಕರ ದೇಸಾಯಿಯವರ ಪಾಲಾಯಿತು. ಮರುವರ್ಷ, 1968ರ ಏಪ್ರಿಲಿನಲ್ಲಿ, ರಾಷ್ಟ್ರಪತಿಗಳು ಆಳ್ವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಗಣ್ಯರಾದವರಿಗೆ ಸಂವಿಧಾನವು ಮೀಸಲಿಟ್ಟ ಹನ್ನೆರಡು ಸ್ಥಾನಗಳಲ್ಲಿ ಒಂದು ಅವರದಾಯಿತು. ಆಗ ಪತ್ನಿಯು ಉಪಸಭಾಪತಿಯಾಗಿದ್ದ ಸದನದಲ್ಲಿ ಪತಿಯು ಸದಸ್ಯರಾಗಿ ಕುಳಿತರು. ಸಂಸಾರದ ಸಮರಸ ಗಟ್ಟಿಯಾಗಿಲ್ಲದಿದ್ದರೆ ಇಂತಹ ಸನ್ನಿವೇಶ ಎಷ್ಟು ಮನೆಗಳನ್ನು ಒಡೆದೀತು!

ಆ ಸೌಭಾಗ್ಯ ಬಹುಕಾಲ ಉಳಿಯಲಿಲ್ಲ. 1969ರ ನವೆಂಬರಿನಲ್ಲಿ ವಯೊಲೆಟ್ ಅವರು ಉಪಸಭಾಪತಿ ಸ್ಥಾನವನ್ನು ತ್ಯಜಿಸಿದರು. ಕೆಲವೇ ದಿನಗಳಲ್ಲಿ, ಆ ತಿಂಗಳ 20ರಂದು, ದಿಲ್ಲಿಯಲ್ಲಿ ನಿಧನರಾದರು. ನ್ಯಾಯಾಲಯ, ಪತ್ರಿಕೆ, ಸಂಸತ್ತು ಎಲ್ಲೆಲ್ಲಿಯೂ ಮೂವತ್ತೆರಡು ವರ್ಷ ಜೊತೆಯಾಗಿ ನಡೆದವರು ಅಗಲಿದ ಮೇಲೆ ಆಳ್ವರು ಅದೇ ಸದನದಲ್ಲಿ 1974ರವರೆಗೆ ತಮ್ಮ ಅವಧಿಯನ್ನು ಪೂರೈಸಿದರು. ಆ ಪೀಠದಲ್ಲಿ ಬೇರೊಬ್ಬರನ್ನು ನಿತ್ಯವೂ ಕಾಣುತ್ತ ಕರ್ತವ್ಯವನ್ನು ನಿರ್ವಹಿಸಬೇಕಾದ ವಿಧುರನ ದುಃಖವನ್ನು ಸಂಸಾರಸ್ಥರಾದ ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

1979ರ ಜೂನ್ 28ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಜೋಕಿಂ ಆಳ್ವರು ದೈವಾಧೀನರಾದರು. ಅವರ ಮನೆ ಸಾರ್ವಜನಿಕ ಸೇವೆಯಿಂದ ದೂರ ಸರಿಯಲಿಲ್ಲ. ತಾಯಿಯ ತೋಳಲ್ಲಿ ಸೆರೆಮನೆ ಕಂಡ ಆ ಕೂಸು ನಿರಂಜನರ ಪತ್ನಿ ಮಾರ್ಗರೆಟ್ ಆಳ್ವರು, ಮಾವನವರ ಅವಧಿ ಮುಗಿದ 1974ರಲ್ಲಿಯೇ ರಾಜ್ಯಸಭೆಯನ್ನು ಪ್ರವೇಶಿಸಿದರು. 1999ರಲ್ಲಿ ಅವರು ಇದೇ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು. 2008ರಲ್ಲಿ ಭಾರತದ ಅಂಚೆ ಇಲಾಖೆಯು ಜೋಕಿಂ ಮತ್ತು ವಯೊಲೆಟ್ ದಂಪತಿಗಳ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಇಬ್ಬರಿಗೂ ಸೇರಿ ಒಂದೇ ಚೀಟಿ. ಅವರ ಬಾಳಿಗೆ ಅದು ಒಪ್ಪುವಂಥದೇ.

ಪ್ರಿಯ ಬಾಂಧವರೇ, ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಗೃಹಸ್ಥ ಭಕ್ತರ ಪ್ರೇಷಿತ ಕಾರ್ಯವನ್ನು ಕುರಿತು ಒಂದು ವಿಶೇಷ ಆದೇಶವನ್ನೇ ಹೊರಡಿಸಿತು. ಲೌಕಿಕ ವ್ಯವಹಾರಗಳನ್ನು ದೇವರ ಚಿತ್ತಕ್ಕೆ ಹೊಂದಿಸುವುದು ಗೃಹಸ್ಥರ ಸ್ವಂತ ಕರೆಯೆಂಬುದು ಅದರ ಸಾರ. ನಾವು ಸೆಮಿನರಿಯಲ್ಲಿ ಅದನ್ನು ಪಾಠವಾಗಿ ಓದಿದೆವು. ಆಳ್ವರಾದರೋ ಆ ಆದೇಶ ಹೊರಡುವ ಮೂವತ್ತೈದು ವರ್ಷಗಳಿಗೆ ಮುಂಚೆಯೇ ಅದನ್ನು ಬಾಳತೊಡಗಿದ್ದರು. ಅವರು ಸಂತರೆಂದು ನಾನು ಹೇಳುತ್ತಿಲ್ಲ. ಅವರ ಪಕ್ಷದ ರಾಜಕೀಯವನ್ನು ಎಲ್ಲರೂ ಒಪ್ಪಬೇಕೆಂದೂ ಹೇಳುತ್ತಿಲ್ಲ. ಆದರೆ ಅವರ ಜೀವನದಿಂದ ಒಂದು ಪಾಠ ಸ್ಪಷ್ಟ. ನೆರೆಯವರ ವಿಶ್ವಾಸವು ಬೇಡಿ ಪಡೆಯುವ ವಸ್ತುವಲ್ಲ. ಅವರ ಕಷ್ಟದಲ್ಲಿ ಪಾಲುಗೊಂಡವರಿಗೆ ಅದು ತಾನಾಗಿ ದೊರೆಯುತ್ತದೆ. ಸ್ವಾತಂತ್ರ್ಯದ ಹೋರಾಟದಲ್ಲಿ ಆಳ್ವರು ದೂರ ನಿಂತಿದ್ದರೆ, 1952ರಲ್ಲಿ ಈ ಜಿಲ್ಲೆಯ ಜನ ಅವರನ್ನು ತಮ್ಮವರೆಂದು ಕರೆಯುತ್ತಿರಲಿಲ್ಲ.

ಹೊಲದ ನೀರಿನ ವಿವಾದವಿರಲಿ, ಶಾಲೆಯ ಮೇಲುಸ್ತುವಾರಿ ಸಮಿತಿಯಿರಲಿ, ಹಾಲಿನ ಸಂಘವಿರಲಿ, ಗ್ರಾಮಸಭೆಯಿರಲಿ, ನಮ್ಮ ತರುಣರೂ ತರುಣಿಯರೂ ಅಲ್ಲಿ ಕಾಣಿಸಿಕೊಳ್ಳಲಿ. ಕ್ರೈಸ್ತರ ಪಾಲನ್ನು ಮಾತ್ರ ಕೇಳುವುದಕ್ಕಲ್ಲ, ಊರಿನ ಹಿತಕ್ಕಾಗಿ ದುಡಿಯುವುದಕ್ಕೆ. ಹಾಗೆ ದುಡಿಯಲು ಹೊರಟವರ ಮನೆಯವರು ಅವರಿಗೆ ಬೆಂಬಲವಾಗಿರಲಿ; ಹೊರಟವರು ಮನೆಯವರನ್ನು ಮರೆಯದಿರಲಿ. ನೂರು ವರ್ಷದ ಈ ಹಬ್ಬದಲ್ಲಿ ನಮ್ಮ ಧರ್ಮಕೇಂದ್ರದ ಮೃತರಿಗಾಗಿ ಬಲಿಪೂಜೆ ಅರ್ಪಿಸುವಾಗ, ಈ ಜಿಲ್ಲೆಯ ಜನರ ಸೇವೆ ಮಾಡಿದ ಜೋಕಿಂ ಆಳ್ವರನ್ನೂ ಅವರ ಸಹಧರ್ಮಿಣಿ ವಯೊಲೆಟ್ ಅವರನ್ನೂ ನಮ್ಮ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳೋಣ. ಕರುಣಾಮಯರಾದ ದೇವರು ಅವರಿಗೆ ನಿತ್ಯ ವಿಶ್ರಾಂತಿಯನ್ನು ಅನುಗ್ರಹಿಸಲಿ. ನಿರಂತರ ಜ್ಯೋತಿಯು ಅವರ ಮೇಲೆ ಪ್ರಕಾಶಿಸಲಿ.